ದೇಗಿನ ಮುಂದೆ ಕಲಿತ ಪಾಠ: ದೊಡ್ಡ ಅಡುಗೆಯಲ್ಲಿ ಹೊಸಬರು ಮಾಡುವ ತಪ್ಪುಗಳು

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿಯಿಂದ)



ನಮ್ಮ ಮನೆಮಾತು ಉರ್ದು. ಮನೆಯಲ್ಲಿ ಅಡುಗೆ ಅಮ್ಮಿಯ ಕೆಲಸ. ನನಗೆ ಚಹಾ ಮಾಡುವುದು, ಮೊಟ್ಟೆ ಬೇಯಿಸುವುದು ಬಿಟ್ಟರೆ ಏನೂ ಬರುತ್ತಿರಲಿಲ್ಲ. ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಗೆಳೆಯರು ಟ್ಯೂಷನ್, ಕಂಪ್ಯೂಟರ್ ಕ್ಲಾಸ್ ಎಂದು ಹೋದರು. ನಾನು ಮಾಮು ಜೊತೆ ಕೆಲಸಕ್ಕೆ ಹೋದೆ. ಮಾಮು ಬಾವರ್ಚಿ. ಅಳ್ನಾವರ, ಹಳಿಯಾಳ, ಕಲಘಟಗಿ ಕಡೆ ನಿಕಾಹ್, ವಲೀಮಾ, ಗೃಹಪ್ರವೇಶಗಳ ಅಡುಗೆ ಹಿಡಿಯುತ್ತಾರೆ. ಇನ್ನೂರು ಜನರಿಂದ ಸಾವಿರ ಜನರವರೆಗೆ ಅವರ ತಂಡ ಬಡಿಸುತ್ತದೆ.

ನಮ್ಮ ಊರು ರೈಲ್ವೆ ಜಂಕ್ಷನ್ ಎಂಬುದು ನಿಮಗೆ ಗೊತ್ತೇ ಇದೆ. ಹುಬ್ಬಳ್ಳಿ, ಧಾರವಾಡದಿಂದ ಬಂದ ಹಳಿ ಇಲ್ಲಿ ಲೋಂಡಾ ಕಡೆಗೊಂದು, ದಾಂಡೇಲಿ ಕಡೆಗೊಂದು ಎಂದು ಕವಲಾಗುತ್ತದೆ. ಹೀಗಾಗಿ ನಮ್ಮಲ್ಲಿ ಮದುವೆಗೆ ಬರುವ ಎಷ್ಟೋ ಬೀಗರು ಗಡಿಯಾರ ನೋಡಿಕೊಂಡೇ ಊಟಕ್ಕೆ ಕೂರುತ್ತಾರೆ. ಅಡುಗೆ ತಡವಾಯಿತೆಂದು ರೈಲು ಕಾಯುವುದಿಲ್ಲ. ಈ ಮಾತು ನೆನಪಿರಲಿ, ಕೊನೆಯಲ್ಲಿ ಬೇಕಾಗುತ್ತದೆ.

ಆ ಎರಡು ತಿಂಗಳಲ್ಲಿ ನಾನು ನೋಡಿದ ತಪ್ಪುಗಳನ್ನು, ನಾನೇ ಮಾಡಿದ ತಪ್ಪುಗಳನ್ನು ಇಲ್ಲಿ ಬರೆದಿದ್ದೇನೆ. ಕಾಲೇಜಿನ ಆಹಾರ ಮೇಳದಲ್ಲಿ ಅಂಗಡಿ ಹಾಕುವವರಿಗೆ, ಮುಂದೆ ಹೋಟೆಲ್ ಅಥವಾ ಕೇಟರಿಂಗ್ ಕೆಲಸಕ್ಕೆ ಹೋಗುವವರಿಗೆ ಉಪಯೋಗವಾದೀತು.

1. ತಯಾರಿ ಇಲ್ಲದೆ ಒಲೆ ಹಚ್ಚುವುದು

ಮನೆಯಲ್ಲಿ ಎಣ್ಣೆ ಕಾಯುವಷ್ಟರಲ್ಲಿ ಈರುಳ್ಳಿ ಹೆಚ್ಚಿಕೊಳ್ಳಬಹುದು. ಹತ್ತು ಲೀಟರ್ ಎಣ್ಣೆ ಕಾಯಿಸಿಟ್ಟು ಇಪ್ಪತ್ತು ಕೆ.ಜಿ. ಈರುಳ್ಳಿ ಹೆಚ್ಚಲು ಕೂತರೆ ಆಗುವುದಿಲ್ಲ. ಹೆಚ್ಚುವುದು, ತೊಳೆಯುವುದು, ಅಳೆಯುವುದು ಎಲ್ಲ ಮುಗಿದು, ಬೇಕಾದ ಪಾತ್ರೆ ಮತ್ತು ಮುಚ್ಚಳ ಕೈಗೆ ಸಿಗುವಂತೆ ಇಟ್ಟ ಮೇಲೆಯೇ ಬೆಂಕಿ. ದೊಡ್ಡ ಹೋಟೆಲ್‌ಗಳ ಬಾಣಸಿಗರು ಈ ಕ್ರಮಕ್ಕೆ ಫ್ರೆಂಚ್ ಭಾಷೆಯಲ್ಲಿ 'ಮೀಸಾನ್ ಪ್ಲಾಸ್' ಎನ್ನುತ್ತಾರೆ. ಪ್ರತಿಯೊಂದನ್ನೂ ಅದರ ಜಾಗದಲ್ಲಿ ಇಡುವುದು ಎಂದು ಅರ್ಥ. ನಮ್ಮ ವ್ಯವಹಾರ ಅಧ್ಯಯನ ಪುಸ್ತಕದಲ್ಲಿ ನಿರ್ವಹಣೆಯ ಮೊದಲ ಕಾರ್ಯ ಯೋಜನೆ ಎಂದು ಓದುತ್ತೇವಲ್ಲ, ಅದೇ ಇದು.

ಹೆಚ್ಚುವಾಗ ಒಂದೇ ಅಳತೆ ಇರಬೇಕು. ಒಂದು ಹೋಳು ದಪ್ಪ, ಒಂದು ತೆಳು ಇದ್ದರೆ ತೆಳುವಾದದ್ದು ಸುಡುವಾಗ ದಪ್ಪದ್ದು ಹಸಿಯಾಗಿರುತ್ತದೆ. ಚಾಕು ಹರಿತವಾಗಿರಲಿ. ಮೊಂಡು ಚಾಕುವಿಗೆ ಜೋರು ಹಾಕಬೇಕು, ಜೋರು ಹಾಕಿದಾಗ ಜಾರುತ್ತದೆ. ನನ್ನ ಎಡಗೈ ತೋರುಬೆರಳ ಮೇಲಿನ ಗುರುತು ಇದಕ್ಕೆ ಸಾಕ್ಷಿ.

2. ಎಲ್ಲವನ್ನೂ ಒಂದೇ ಲೆಕ್ಕದಲ್ಲಿ ಗುಣಿಸುವುದು

ವಾಣಿಜ್ಯ ವಿದ್ಯಾರ್ಥಿಯಾದ ನಾನು ಮೊದಲು ಮಾಡಿದ ತಪ್ಪು ಇದೇ. ಒಂದು ಕೆ.ಜಿ. ಅಕ್ಕಿಯ ಪಲಾವಿಗೆ ಅಮ್ಮಿ ಎಷ್ಟು ನೀರು, ಎಷ್ಟು ಲವಂಗ, ಎಷ್ಟು ಮೆಣಸಿನಕಾಯಿ ಹಾಕುತ್ತಾರೋ ಅದನ್ನು ಇಪ್ಪತ್ತರಿಂದ ಗುಣಿಸಿ ಚೀಟಿ ಬರೆದುಕೊಂಡು ಹೋಗಿದ್ದೆ. ಮಾಮು ಓದಿ ನಕ್ಕರು.

ನೀರು ಆವಿಯಾಗುವುದು ಮೇಲ್ಭಾಗದಿಂದ. ಅಕ್ಕಿ ಇಪ್ಪತ್ತು ಪಟ್ಟು ಹೆಚ್ಚಿದರೂ ದೇಗಿನ ಬಾಯಿ ಇಪ್ಪತ್ತು ಪಟ್ಟು ಅಗಲವಾಗುವುದಿಲ್ಲ. ಆದ್ದರಿಂದ ದೊಡ್ಡ ಪಾತ್ರೆಯಲ್ಲಿ ಆವಿಯಾಗಿ ಹೋಗುವ ಪಾಲು ಕಡಿಮೆ. ಮನೆಯ ಲೆಕ್ಕದಲ್ಲೇ ನೀರು ಹಾಕಿದರೆ ಪಲಾವ್ ಗಂಜಿಯಾಗುತ್ತದೆ. ಲವಂಗ, ಚಕ್ಕೆ, ಮೆಣಸಿನಕಾಯಿಗಳನ್ನೂ ಅನುಭವಿಗಳು ಮೊದಲು ಕಡಿಮೆ ಹಾಕಿ, ರುಚಿ ನೋಡಿ, ಆಮೇಲೆ ಸೇರಿಸುತ್ತಾರೆ. ಹಾಕಿದ್ದನ್ನು ತೆಗೆಯಲಾಗದು, ಹಾಕದಿದ್ದುದನ್ನು ಹಾಕಬಹುದು.

ಅಕ್ಕಿಯ ವಯಸ್ಸು ಕೇಳದೆ ನೀರು ಅಳೆಯಬಾರದು. ನಮ್ಮದು ಭತ್ತದ ನಾಡು. ಧಾರವಾಡದಿಂದ ಅಳ್ನಾವರಕ್ಕೆ ಬರುವ ದಾರಿಯ ಮುಗದದಲ್ಲಿ ಭತ್ತದ ಸಂಶೋಧನಾ ಕೇಂದ್ರವೇ ಇದೆ. ಸುಗ್ಗಿ ಮುಗಿದು ಹೊಸ ಅಕ್ಕಿ ಬಂದಾಗ ಅದು ಕಡಿಮೆ ನೀರು ಕುಡಿಯುತ್ತದೆ, ಬೇಗ ಅಂಟುತ್ತದೆ. ವರ್ಷ ದಾಟಿದ ಹಳೆ ಅಕ್ಕಿ ಹೆಚ್ಚು ನೀರು ಕುಡಿಯುತ್ತದೆ, ಕಾಳು ಬಿಡಿಬಿಡಿಯಾಗಿ ನಿಲ್ಲುತ್ತದೆ. ಚೀಲ ಬಿಚ್ಚಿದ ತಕ್ಷಣ ಮಾಮು ಕೇಳುವ ಮೊದಲ ಪ್ರಶ್ನೆ 'ಹೊಸದೋ ಹಳೇದೋ' ಎಂಬುದೇ.

3. ಪಾತ್ರೆ ತುಂಬಿಸುವುದು, ಅವಸರ ಮಾಡುವುದು

ಬಿರಿಯಾನಿಗೆ ಈರುಳ್ಳಿಯನ್ನು ಕಂದು ಬಣ್ಣಕ್ಕೆ ಕರಿಯಬೇಕು. ಹೊಸಬರು ಬೇಗ ಮುಗಿಯಲಿ ಎಂದು ಒಮ್ಮೆಲೇ ಸುರಿಯುತ್ತಾರೆ. ಎಣ್ಣೆ ತಣ್ಣಗಾಗುತ್ತದೆ, ಈರುಳ್ಳಿ ನೀರು ಬಿಡುತ್ತದೆ, ಕರಿಯುವ ಬದಲು ಬೇಯುತ್ತದೆ. ಸ್ವಲ್ಪ ಸ್ವಲ್ಪವಾಗಿ ಹಾಕಿದರೆ ತಡವೆನಿಸಿದರೂ ಒಟ್ಟು ಸಮಯ ಉಳಿಯುತ್ತದೆ. ಬೇಕಾದ ಬಣ್ಣ ಬರುವ ಸ್ವಲ್ಪ ಮೊದಲೇ ತೆಗೆದು ಹರಡಬೇಕು. ಹೊರಗೆ ತೆಗೆದ ಮೇಲೂ ಒಳಗಿನ ಬಿಸಿಗೆ ಬಣ್ಣ ಏರುತ್ತಲೇ ಇರುತ್ತದೆ. ಬಾಣಲೆಯಲ್ಲೇ ಚೆನ್ನಾಗಿ ಕಂಡ ಈರುಳ್ಳಿ ತಟ್ಟೆಯಲ್ಲಿ ಕಪ್ಪಾಗಿ, ಕಹಿಯಾಗುತ್ತದೆ.

ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಬಳಸುವುದೂ ತಪ್ಪು. ಎಣ್ಣೆ ಎಷ್ಟು ಕೆಟ್ಟಿದೆ ಎಂದು ಅಳೆಯುವ 'ಒಟ್ಟು ಧ್ರುವೀಯ ಸಂಯುಕ್ತ' ಎಂಬ ಲೆಕ್ಕವಿದೆ. ಅದು ಶೇ. 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈ 1ರಿಂದ ದೇಶದಲ್ಲಿ ಜಾರಿಯಲ್ಲಿದೆ. ನಮ್ಮಂಥವರ ಬಳಿ ಅಳೆಯುವ ಯಂತ್ರ ಇರುವುದಿಲ್ಲ. ಆದರೆ ಕಪ್ಪಾದ, ನೊರೆ ಬರುವ, ಅಂಟಂಟಾದ, ಬೇಗ ಹೊಗೆಯಾಡುವ ಎಣ್ಣೆಯನ್ನು ಕಣ್ಣೇ ಗುರುತಿಸುತ್ತದೆ.

4. ಬೆಂಕಿಯನ್ನು ಅರಿಯದಿರುವುದು

ಕಟ್ಟಿಗೆ ಒಲೆಗೆ ಗ್ಯಾಸಿನ ಹಾಗೆ ತಿರುವುವ ಗುಂಡಿ ಇಲ್ಲ. ಉರಿ ಇಳಿಸಬೇಕೆಂದರೆ ಕಟ್ಟಿಗೆಯನ್ನೇ ಹಿಂದಕ್ಕೆ ಎಳೆಯಬೇಕು. ಎಳೆದ ಮೇಲೂ ಕೆಂಡದ ಬಿಸಿ ಬಹಳ ಹೊತ್ತು ಇರುತ್ತದೆ. ಆದ್ದರಿಂದ ತಳ ಹಿಡಿಯುವ ಮೊದಲೇ ಯೋಚಿಸಬೇಕು. ತಳ ಹಿಡಿದೇಬಿಟ್ಟರೆ ಹೊಸಬರು ಗಾಬರಿಯಾಗಿ ಸೌಟು ಹಾಕಿ ಕೆರೆದು ತಿರುವುತ್ತಾರೆ. ಅಲ್ಲಿಗೆ ಇಡೀ ದೇಗು ಸೀದ ವಾಸನೆ. ಸರಿಯಾದ ದಾರಿ ಎಂದರೆ ತಿರುವದೆ ಪಾತ್ರೆ ಇಳಿಸಿ, ಮೇಲಿನ ಚೆನ್ನಾಗಿರುವ ಭಾಗವನ್ನು ಬೇರೆ ಪಾತ್ರೆಗೆ ತೆಗೆದುಕೊಳ್ಳುವುದು. ತಳದ್ದು ಹೋಗಲಿ, ಮೇಲಿನದು ಉಳಿಯುತ್ತದೆ.

ಬಿಸಿ ಪಾತ್ರೆಯನ್ನು ಒದ್ದೆ ಬಟ್ಟೆಯಿಂದ ಹಿಡಿಯಬೇಡಿ. ಬಟ್ಟೆಯ ನೀರು ಕ್ಷಣದಲ್ಲಿ ಹಬೆಯಾಗಿ ಕೈ ಸುಡುತ್ತದೆ. ದಮ್ ಮುಚ್ಚಳವನ್ನು ನಿಮ್ಮ ಮುಖದಿಂದ ಆಚೆಗೆ ತೆರೆಯಿರಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಲೇಬಾರದು, ಬೆಂಕಿ ಸಿಡಿದು ಹರಡುತ್ತದೆ. ಗ್ಯಾಸ್ ಬಂದ್ ಮಾಡಿ, ಮುಚ್ಚಳ ಮುಚ್ಚಿ. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಅರಿಶಿನ, ಮಂಜುಗಡ್ಡೆ ಬೇಡ. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ, ಗಾಯ ದೊಡ್ಡದಿದ್ದರೆ ಆಸ್ಪತ್ರೆಗೆ ಹೋಗಿ. ಟೆರಿಲಿನ್ ಅಂಗಿ ಬೆಂಕಿಗೆ ಕರಗಿ ಮೈಗೆ ಅಂಟುತ್ತದೆ, ಹತ್ತಿ ಬಟ್ಟೆ ಹಾಕಿಕೊಳ್ಳಿ. ಕಾಲಿಗೆ ಹವಾಯಿ ಚಪ್ಪಲಿ ಬೇಡ.

5. ಶುಚಿಯನ್ನು ಕೊನೆಗೆ ಬಿಡುವುದು

ಹಸಿ ಮಾಂಸ ಹೆಚ್ಚಿದ ಹಲಗೆಯ ಮೇಲೆಯೇ ಸೌತೆಕಾಯಿ, ಕೊತ್ತಂಬರಿ ಹೆಚ್ಚುವುದು ಅತಿ ಸಾಮಾನ್ಯ ತಪ್ಪು. ಮಾಂಸ ಬೇಯುತ್ತದೆ, ಸೌತೆಕಾಯಿ ಬೇಯುವುದಿಲ್ಲ. ಹಲಗೆಯ ಸೂಕ್ಷ್ಮಜೀವಿಗಳು ನೇರವಾಗಿ ತಟ್ಟೆಗೆ ಬರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಸುರಕ್ಷಿತ ಆಹಾರಕ್ಕೆ ಐದು ಸೂತ್ರಗಳನ್ನು ಪ್ರಕಟಿಸಿತು: ಸ್ವಚ್ಛವಾಗಿರಿ, ಹಸಿಯದನ್ನೂ ಬೆಂದದ್ದನ್ನೂ ಬೇರೆಯಾಗಿಡಿ, ಪೂರ್ತಿ ಬೇಯಿಸಿ, ಸರಿಯಾದ ಉಷ್ಣತೆಯಲ್ಲಿಡಿ, ಶುದ್ಧ ನೀರು ಮತ್ತು ಒಳ್ಳೆಯ ಸಾಮಾನು ಬಳಸಿ. ಅದರ ಪ್ರಕಾರ 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಸೂಕ್ಷ್ಮಜೀವಿಗಳು ವೇಗವಾಗಿ ಬೆಳೆಯುತ್ತವೆ. ಬೆಂದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಇಡಬಾರದು.

ಅನ್ನದ ವಿಷಯದಲ್ಲಿ ಇದು ಇನ್ನೂ ಮುಖ್ಯ. ಅಕ್ಕಿಯಲ್ಲಿ ಇರಬಹುದಾದ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಅವು ಬೆಳೆದು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ದೇಗು ದಪ್ಪ, ಅದರೊಳಗಿನ ಅನ್ನ ಬಹಳ ನಿಧಾನ ಆರುತ್ತದೆ. ಉಳಿದ ಅನ್ನವನ್ನು ತಕ್ಷಣ ಅಗಲವಾದ ತಟ್ಟೆಗಳಲ್ಲಿ ತೆಳುವಾಗಿ ಹರಡಿ ಆರಿಸಿ ಫ್ರಿಜ್‌ನಲ್ಲಿ ಇಡಬೇಕು, ಇಲ್ಲವೇ ಬಿಸಿ ಇರುವಾಗಲೇ ಹಂಚಿಬಿಡಬೇಕು. ಮಾಮು ಎರಡನೆಯದನ್ನು ಮಾಡುತ್ತಾರೆ.

ನಮ್ಮ ಊರಿನ ಮದುವೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಸಸ್ಯಾಹಾರಿ ನೆರೆಹೊರೆಯವರಿಗೆ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಸೌಟು ಇರುತ್ತದೆ. ಅವಸರದಲ್ಲಿ ಈ ಕಡೆಯ ಸೌಟನ್ನು ಆ ಕಡೆಯ ಪಾತ್ರೆಗೆ ಹಾಕಿದರೆ ರುಚಿ ಕೆಡುವುದಿಲ್ಲ, ನಂಬಿಕೆ ಕೆಡುತ್ತದೆ. ಮಾಮು ಆ ಸೌಟುಗಳ ಹಿಡಿಕೆಗೆ ಹಸಿರು ದಾರ ಕಟ್ಟಿರುತ್ತಾರೆ.

6. ಯಾರ ಕೆಲಸ ಯಾರದೆಂದು ತಿಳಿಯದಿರುವುದು

ನಿರ್ವಹಣಾ ತತ್ವಗಳ ಪಾಠದಲ್ಲಿ ಹೆನ್ರಿ ಫಯೋಲ್ ಬರುತ್ತಾರೆ. ಅವರ ಹದಿನಾಲ್ಕು ತತ್ವಗಳಲ್ಲಿ ಕೆಲಸದ ವಿಭಜನೆಯೂ ಒಂದು, ಆದೇಶದ ಏಕತೆಯೂ ಒಂದು. ಅದೇ ಕಾಲದ, ಅದೇ ಫ್ರಾನ್ಸ್ ದೇಶದ ಆಗಸ್ಟ್ ಎಸ್ಕೊಫಿಯೆ (1846–1935) ಎಂಬ ಬಾಣಸಿಗ ಹೋಟೆಲ್ ಅಡುಗೆಮನೆಯನ್ನು ಸೈನ್ಯದ ತುಕಡಿಯಂತೆ ವಿಂಗಡಿಸಿದರು. ಸಾರಿಗೆ ಒಬ್ಬ, ಮಾಂಸಕ್ಕೆ ಒಬ್ಬ, ಸಿಹಿಗೆ ಒಬ್ಬ, ಎಲ್ಲರ ಮೇಲೆ ಒಬ್ಬ ಮುಖ್ಯಸ್ಥ. ಇಂದಿಗೂ ದೊಡ್ಡ ಹೋಟೆಲ್‌ಗಳು ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ನಡೆಯುತ್ತವೆ. ಮಾಮು ಇವರಿಬ್ಬರ ಹೆಸರನ್ನೂ ಕೇಳಿಲ್ಲ. ಆದರೆ ಅವರ ತಂಡದಲ್ಲಿ ಉಪ್ಪು ಹಾಕುವವನು ಒಬ್ಬನೇ, ಹಾಕಿದ ಮೇಲೆ ಜೋರಾಗಿ ಕೂಗಿ ಹೇಳಬೇಕು.

ಕೂಗುವುದರಲ್ಲೂ ಎಚ್ಚರ ಬೇಕು. ನಮ್ಮಲ್ಲಿ ಉರ್ದು ಮಾತಾಡುವವರೂ ಕನ್ನಡ ಮಾತಾಡುವವರೂ ಒಟ್ಟಿಗೆ ಕೆಲಸ ಮಾಡುತ್ತಾರೆ. 'ಪಾನಿ ಖಾರಾ ಹೈ' ಎಂದರೆ ನೀರು ಉಪ್ಪಾಗಿದೆ ಎಂದು ಅರ್ಥ. ಕನ್ನಡದ ಗೆಳೆಯನಿಗೆ ಖಾರ ಎಂದರೆ ಮೆಣಸಿನಕಾಯಿ. ಹೇಳಿದ್ದನ್ನು ಕೇಳಿದವನು ಮತ್ತೊಮ್ಮೆ ಹೇಳಿ ಖಚಿತ ಮಾಡಿಕೊಂಡರೆ ಇಂಥ ಗೊಂದಲ ಆಗುವುದಿಲ್ಲ.

7. ತಪ್ಪನ್ನು ಮುಚ್ಚಿಡುವುದು

ಇದು ನನ್ನದೇ ಕಥೆ. ಮೇ ತಿಂಗಳ ಒಂದು ಮದುವೆ. ಹದಿನೈದು ಕೆ.ಜಿ. ಅಕ್ಕಿಗೆ 50 ಲೀಟರ್ ನೀರು ಕುದಿಯುತ್ತಿತ್ತು. ಬಿರಿಯಾನಿ ಅಕ್ಕಿಯನ್ನು ಈ ಉಪ್ಪು ನೀರಿನಲ್ಲಿ ಅರ್ಧ ಬೇಯಿಸಿ, ಬಸಿದು, ಮಾಂಸದ ಮೇಲೆ ಹರಡಿ ದಮ್ ಕೊಡುತ್ತಾರೆ. ಅಂದು ಉಪ್ಪಿನ ಕೆಲಸ ಇನ್ನೊಬ್ಬ ಹುಡುಗನದು. ನಾನು ನೀರಿನ ಕೊಡ ತರಲು ಹೋಗಿ ಬಂದೆ. ಉಪ್ಪು ಬಿದ್ದಿಲ್ಲ ಎಂದುಕೊಂಡು, ಯಾರನ್ನೂ ಕೇಳದೆ ಒಂದು ಕೆ.ಜಿ. ಪೊಟ್ಟಣ ಒಡೆದು ಸುರಿದೆ. ಆಮೇಲೆ ನೋಡಿದರೆ ಸ್ಟೂಲಿನ ಕೆಳಗೆ ಇನ್ನೊಂದು ಖಾಲಿ ಪೊಟ್ಟಣ.

ಎದೆ ಧಸಕ್ಕೆಂದಿತು. ಇಷ್ಟೊಂದು ನೀರಿದೆ, ಗೊತ್ತಾಗಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮಾಂಸದ ದೇಗಿನ ಹತ್ತಿರ ನಿಂತಿದ್ದ ಮಾಮು ಅಲ್ಲಿಂದಲೇ ನೀರಿನ ರುಚಿ ನೋಡಿದೆಯಾ ಎಂದು ಕೇಳಿದರು. ನಾನು ನೋಡಿರಲಿಲ್ಲ. ಆದರೂ 'ಹೂಂ' ಎಂದೆ. ನನ್ನ ಮಾತು ನಂಬಿ ಅಕ್ಕಿ ಹಾಕಿಸಿದರು.

ಲೆಕ್ಕ ಹಾಕಿ. 50 ಲೀಟರಿಗೆ ಒಂದು ಕೆ.ಜಿ. ಉಪ್ಪು ಎಂದರೆ ಲೀಟರಿಗೆ 20 ಗ್ರಾಂ. ಎರಡು ಕೆ.ಜಿ. ಎಂದರೆ 40 ಗ್ರಾಂ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಇರುತ್ತದೆ. ನಾನು ಅಕ್ಕಿಯನ್ನು ಸಮುದ್ರಕ್ಕಿಂತ ಉಪ್ಪಾದ ನೀರಿನಲ್ಲಿ ಬೇಯಿಸಿದ್ದೆ.

ಸ್ವಲ್ಪ ಹೊತ್ತಿನ ನಂತರ ಮಾಮು ಒಂದು ಅಗುಳು ಬಾಯಿಗೆ ಹಾಕಿಕೊಂಡು ಸುಮ್ಮನೆ ನಿಂತರು. ಆಮೇಲೆ ಉಪ್ಪಿಲ್ಲದೆ ಇನ್ನೂ ಹದಿನೈದು ಕೆ.ಜಿ. ಬೇಯಿಸಿ ಬೆರೆಸಬೇಕಾಯಿತು. ಅಕ್ಕಿ ತರಿಸಿ, ನೆನೆಸಿ, ಇನ್ನೊಂದು ದೇಗಿನಲ್ಲಿ ತಣ್ಣೀರು ಕುದಿ ಬರುವವರೆಗೆ ಕಾಯುವಷ್ಟರಲ್ಲಿ ಊಟ ಒಂದು ಗಂಟೆಗೂ ಹೆಚ್ಚು ತಡವಾಯಿತು. ಅಕ್ಕಿ ಎರಡರಷ್ಟಾಯಿತು, ಮಸಾಲೆ ಮತ್ತು ಮಾಂಸ ಅಷ್ಟೇ ಇತ್ತು. ಬಿರಿಯಾನಿ ಸಪ್ಪೆಯಾಯಿತು.

ಲೋಂಡಾ ಕಡೆಯಿಂದ ಬಂದಿದ್ದ ಬೀಗರಲ್ಲಿ ಕೆಲವರು ರೈಲು ಹಿಡಿಯಬೇಕಿತ್ತು. ಕಾದು ಕಾದು ಎದ್ದು ಹೋದರು. ವಯಸ್ಸಾದ ಒಬ್ಬ ದಾದಿ ಜರ್ದಾದ ಒಂದು ಸಣ್ಣ ಪೊಟ್ಟಣ ಹಿಡಿದುಕೊಂಡು ಸ್ಟೇಷನ್ ಕಡೆಗೆ ನಡೆದದ್ದನ್ನು ನಾನು ನೋಡಿದೆ. ಅವರು ಯಾರಿಗೂ ಒಂದು ಮಾತು ಅನ್ನಲಿಲ್ಲ. ವಧುವಿನ ತಂದೆ ಅವರ ಹಿಂದೆ ಬಾಗಿಲವರೆಗೆ ಹೋಗಿ ಕೈ ಹಿಡಿದು ಕ್ಷಮೆ ಕೇಳುತ್ತಿದ್ದರು. ತಪ್ಪು ಅವರದಾಗಿರಲಿಲ್ಲ.

ರಾತ್ರಿ ಪಾತ್ರೆ ತೊಳೆಯುವಾಗ ಮಾಮು ನನ್ನನ್ನು ಬೈಯಲಿಲ್ಲ. ನಿನಗೆ ಯಾವಾಗ ಗೊತ್ತಾಯಿತು ಎಂದು ಮಾತ್ರ ಕೇಳಿದರು. ಅಕ್ಕಿ ಹಾಕುವ ಮೊದಲೇ ಎಂದೆ. ಆಗ ಅವರು ಹೇಳಿದ್ದು ಇಷ್ಟೇ: 'ಬೋಲೇ ತೋ ಸುಧರ್ತಾ, ಛುಪಾಯೇ ತೋ ಬಿಗಡ್ತಾ.' ಹೇಳಿದರೆ ಸರಿಹೋಗುತ್ತದೆ, ಮುಚ್ಚಿಟ್ಟರೆ ಕೆಡುತ್ತದೆ.

ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದೆ. ಅಕ್ಕಿ ಹಾಕುವ ಮೊದಲು ಹೇಳಿದ್ದರೆ: 25 ಲೀಟರ್ ಉಪ್ಪು ನೀರು ತೆಗೆದು 25 ಲೀಟರ್ ಸಪ್ಪೆ ನೀರು ಹಾಕುವುದು, ಮತ್ತೆ ಕುದಿ ಬರುವವರೆಗಿನ ಗ್ಯಾಸ್, ಸುಮಾರು ಕಾಲು ಗಂಟೆ. ಉಪ್ಪು ಲೀಟರಿಗೆ ಮತ್ತೆ 20 ಗ್ರಾಂಗೆ ಬರುತ್ತಿತ್ತು. ಹೇಳದೆ ಇದ್ದುದಕ್ಕೆ: ಅಂದಿನ ದರದಲ್ಲಿ ಕೆ.ಜಿ.ಗೆ 80 ರೂಪಾಯಿಯಂತೆ 15 ಕೆ.ಜಿ. ಅಕ್ಕಿಗೆ 1,200 ರೂಪಾಯಿ, ಅದರ ಮೇಲೆ ಗ್ಯಾಸ್, ಒಂದು ಗಂಟೆಗೂ ಹೆಚ್ಚು ತಡ, ಮಾಮು ಹೆಸರು, ಊಟವಿಲ್ಲದೆ ಹೋದ ಅತಿಥಿಗಳು. ಕೊನೆಯ ಎರಡರ ಮುಂದೆ ಮೊತ್ತ ಬರೆಯಲು ನನಗೆ ಆಗಲಿಲ್ಲ.

ಎರಡನೇ ಪೊಟ್ಟಣ ಹಾಕಿದ್ದು ಹೊಸಬನ ತಪ್ಪು. ಅದು ಯಾರಿಂದಲೂ ಆಗಬಹುದು. 'ಹೂಂ' ಎಂದದ್ದು ಬೇರೆಯೇ ತಪ್ಪು. ಮೇಲೆ ಬರೆದ ಆರು ತಪ್ಪುಗಳಲ್ಲಿ ಬಹಳಷ್ಟಕ್ಕೆ ಮೊದಲ ಐದು ನಿಮಿಷದಲ್ಲಿ ಪರಿಹಾರವಿದೆ. ತಳ ಹಿಡಿದರೆ ಮೇಲಿನದು ಉಳಿಯುತ್ತದೆ, ಮಸಾಲೆ ಹೆಚ್ಚಾದರೆ ಸಾಮಾನು ಸೇರಿಸಬಹುದು, ಸೌಟು ಬದಲಾದರೆ ಆ ಪಾತ್ರೆಯನ್ನು ಪಕ್ಕಕ್ಕೆ ಇಟ್ಟು ಬೇರೆ ಮಾಡಬಹುದು. ಆದರೆ ಆ ಐದು ನಿಮಿಷ ಯಾರ ಕೈಯಲ್ಲಿರುತ್ತದೆ? ತಪ್ಪು ಮಾಡಿದವನ ಕೈಯಲ್ಲಿ ಮಾತ್ರ. ಬೇರೆ ಯಾರಿಗೂ ಅದು ಇನ್ನೂ ಗೊತ್ತಿರುವುದಿಲ್ಲ.

ದೊಡ್ಡವರಿಗೂ ಒಂದು ವಿನಂತಿ ಇದೆ. ಹೊಸಬರು ಮುಚ್ಚಿಡುವುದು ಹೆಚ್ಚಾಗಿ ಬೈಗುಳದ ಹೆದರಿಕೆಯಿಂದ. ಮೊದಲು ದೇಗು ಉಳಿಸಿಕೊಳ್ಳಿ, ಬುದ್ಧಿಮಾತನ್ನು ರಾತ್ರಿ ಪಾತ್ರೆ ತೊಳೆಯುವಾಗ ಹೇಳಿ. ಮಾಮು ಹಾಗೆ ಮಾಡಿದ್ದರಿಂದಲೇ ನಾನು ಮರುದಿನವೂ ಕೆಲಸಕ್ಕೆ ಹೋದೆ.

ಆಹಾರ ಮೇಳಕ್ಕೆ ನಿಲ್ಲುವ ಗೆಳೆಯರು ಇಷ್ಟನ್ನು ಗೋಡೆಗೆ ಅಂಟಿಸಿಕೊಳ್ಳಲಿ:

– ಎಲ್ಲ ಸಿದ್ಧವಾದ ಮೇಲೆ ಒಲೆ ಹಚ್ಚಿ.
– ಉಪ್ಪು, ಖಾರ ಮೊದಲು ಕಡಿಮೆ. ಹಾಕುವವನು ಒಬ್ಬನೇ, ಹಾಕಿದ ಮೇಲೆ ಕೂಗಿ ಹೇಳಲಿ.
– ಪ್ರತಿ ಹಂತದಲ್ಲೂ ರುಚಿ ನೋಡಿ. ಒಮ್ಮೆ ಬಾಯಿಗಿಟ್ಟ ಚಮಚ ಮತ್ತೆ ಪಾತ್ರೆಗೆ ಬೇಡ.
– ಹಸಿಯದಕ್ಕೆ ಒಂದು ಹಲಗೆ, ಹಾಗೆಯೇ ತಿನ್ನುವುದಕ್ಕೆ ಇನ್ನೊಂದು.
– ಬಿಸಿಯದು ಬಿಸಿಯಾಗಿ, ತಣ್ಣನೆಯದು ತಣ್ಣಗೆ. ನಡುವೆ ಎರಡು ಗಂಟೆ ದಾಟಬಾರದು.
– ತಪ್ಪಾದರೆ ಆ ಕ್ಷಣದಲ್ಲೇ ಹೇಳಿ.

ಈಗ ನಾನು ಉಪ್ಪು ಹಾಕಿದರೆ ಮೂರು ಒಲೆ ಆಚೆ ಇದ್ದವರಿಗೂ ಕೇಳುವಂತೆ ಉರ್ದುವಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಕೂಗುತ್ತೇನೆ. ತಂಡದವರು ನಗುತ್ತಾರೆ, ನಗಲಿ. ಮಾಮು ನೀರಿನ ರುಚಿ ನೋಡಿದೆಯಾ ಎಂದು ಈಗಲೂ ಕೇಳುತ್ತಾರೆ. ನಾನು ನೋಡಿದ ಮೇಲೆಯೇ ಹೂಂ ಎನ್ನುತ್ತೇನೆ.